ನಲಿಕಲಿ ಕೋಣೆಯ ಹಿಂದೆ ನಿಂತವರು

ನಮ್ಮ ಶಾಲೆಯ ಮೂರನೇ ತರಗತಿ ಮಕ್ಕಳು ಓದುವುದನ್ನು ಕೇಳಿದವರು ನನ್ನನ್ನು ಹೊಗಳುತ್ತಾರೆ. ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಚಪ್ಪಾಳೆ ತಟ್ಟಿಸಿದ್ದೂ ಇದೆ. ಖುಷಿಯಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹೊಗಳಿಕೆಯಲ್ಲಿ ನನ್ನ ಪಾಲು ಎಷ್ಟು, ಬೇರೆಯವರ ಪಾಲು ಎಷ್ಟು ಅಂತ ನನಗೆ ಗೊತ್ತು. ಮೊದಲು ಕೆಲಸ ಮಾಡಿದ ಶಾಲೆಯಲ್ಲೂ ಇದೇ ನಾನು, ಇದೇ ಡಿ.ಎಡ್ ಓದು, ಇದೇ ನಲಿಕಲಿ ಪಾಠದ ಕಾರ್ಡುಗಳು. ಅಲ್ಲಿ ಇಷ್ಟು ಆಗಲಿಲ್ಲ. ಇಲ್ಲಿ ಆಯಿತು. ಬದಲಾದದ್ದು ನನ್ನ ಸುತ್ತ ಇದ್ದ ಜನ. ಅವರು ಏನೇನು ಮಾಡಿದರು, ಅದರಿಂದ ನನ್ನ ಪಾಠ ಹೇಗೆ ಬದಲಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. "ನಮ್ಮ ಶಾಲೆ ತುಂಬಾ ಒಳ್ಳೇದು" ಅಂತ ಸುಮ್ನೆ ಹೇಳಿದರೆ ಬೇರೆ ಟೀಚರ್‌ಗಳಿಗೆ ಏನೂ ಸಿಗುವುದಿಲ್ಲ, ಅಲ್ವಾ?

ನಮ್ಮದು ಮೈಸೂರು ಜಿಲ್ಲೆ ಎಚ್.ಡಿ.ಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿವರೆಗೆ ಇದೆ. ಕಬಿನಿ ಹಿನ್ನೀರು ದೂರವಿಲ್ಲ, ಕಾಡಂತೂ ತೀರಾ ಹತ್ತಿರ. ಊರಿನ ರೈತರ ಮಕ್ಕಳು, ಕೂಲಿಯವರ ಮಕ್ಕಳು, ಹತ್ತಿರದ ಹಾಡಿಯ (ಕಾಡಂಚಿನ ಬುಡಕಟ್ಟು ಜನರ ಕೇರಿ) ಜೇನುಕುರುಬರ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಹತ್ತಿ, ಹೊಗೆಸೊಪ್ಪು, ಶುಂಠಿ, ರಾಗಿ ಬೆಳೆಯುವ ಸೀಮೆ ಇದು. ಡಿಸೆಂಬರ್ ಬಂತೆಂದರೆ ಹಾಡಿಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಕಾಫಿ ಕುಯ್ಲಿಗೆ ಕೊಡಗಿಗೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ನಾನು ಮಂಡ್ಯ ಕಡೆಯವಳು. ಬಯಲಿನಲ್ಲಿ ಬೆಳೆದ ನನಗೆ ಈ ಕಾಡಂಚಿನ ಬದುಕು ಹೊಸದು.

ನಾನು ನೋಡಿಕೊಳ್ಳುವುದು ನಲಿಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಅವರಿಗೆಲ್ಲ ಒಬ್ಬರೇ ಟೀಚರ್. ಈ ಪದ್ಧತಿ ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಇಲ್ಲಿನ ಒಂದಷ್ಟು ಮೇಷ್ಟ್ರು, ಮೇಡಂಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡು ಹಿಡಿದು ಕಲಿಸುವುದನ್ನು ನೋಡಿ ಬಂದರು. ವಾಪಸ್ ಬಂದು ಒಟ್ಟಿಗೆ ಕೂತು ನಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು, ಹಾಡು, ಆಟ ಎಲ್ಲ ತಾವೇ ಮಾಡಿದರು. ಯುನಿಸೆಫ್ ನೆರವಿತ್ತು. ಮುಂದೆ 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಬ್ಬ ದೊಡ್ಡ ಪಂಡಿತರು ಬರೆದುಕೊಟ್ಟದ್ದಲ್ಲ ಇದು, ಹಳ್ಳಿ ಟೀಚರ್‌ಗಳು ಒಬ್ಬರಿಗೊಬ್ಬರು ಕೈ ಜೋಡಿಸಿ ಕಟ್ಟಿದ್ದು. ಈ ಮಾತನ್ನು ನಾನು ಹೊಸಬರಿಗೆ ಬೇಕೆಂದೇ ಮತ್ತೆ ಮತ್ತೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರಲ್ಲಿ ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿನಲ್ಲೂ ಹಲವು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಅಕ್ಷರ ಕಲಿಸುವುದು ಅ ಆ ಇ ಈ ಅಂತ ಸಾಲಾಗಿ ಅಲ್ಲ. ರ, ಗ, ಸ, ದ, ಅ ಮೊದಲು. ಇಷ್ಟು ಬಂದರೆ ಸಾಕು, ಮಗು ಸರ, ಅರಸ, ಗರಗಸ ಓದಿಬಿಡುತ್ತದೆ. ಆಮೇಲೆ ಜ, ವ, ಮ, ಬ, ನ. ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಒಂದಕ್ಕೆ ಟೀಚರ್ ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ ಬೇಕು. ಎರಡು ಗುಂಪಿಗೆ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಕೊನೆಯ ಗುಂಪು ತನ್ನಷ್ಟಕ್ಕೆ ತಾನು ಕಲಿಯುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬಿಡಿಸಿದ ಚಿತ್ರ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟಕುವ ಹಾಗೆ ಕಪ್ಪುಹಲಗೆ.

ನೋಡೋಕೆ ಚೆಂದ. ಆದರೆ ಇಡೀ ಕೋಣೆ ನಿಂತಿರುವುದು ಮೊದಲ ಗುಂಪಿನ ಮೇಲೆ. ಆಗಷ್ಟೇ ಅಕ್ಷರ ಕಲಿಯುತ್ತಿರುವ ಆ ಆರೇಳು ಮಕ್ಕಳ ಎದುರು ಟೀಚರ್ ನೆಲದ ಮೇಲೆ ಕೂತಿರಬೇಕು. ಕೂತವರು ಮಧ್ಯದಲ್ಲಿ ಎದ್ದರೆ ಆ ದಿನದ ಪಾಠ ಹೋಯಿತು. ಮಗು ರ ಬರೆಯಲು ಬಳಪ ಎತ್ತಿರುತ್ತದೆ, ನಾನು ಮೊಬೈಲಿನಲ್ಲಿ ಮಾಹಿತಿ ಕಳಿಸಲು ಎದ್ದಿರುತ್ತೇನೆ. ವಾಪಸ್ ಬರುವಷ್ಟರಲ್ಲಿ ಬಳಪ ಪಕ್ಕದವನ ಬೆನ್ನಿನ ಮೇಲೆ ಓಡಾಡುತ್ತಿರುತ್ತದೆ. ನಲಿಕಲಿ ಸರಿಯಿಲ್ಲ, ಮಕ್ಕಳು ಆಟ ಆಡಿಕೊಂಡು ಕಾಲ ಕಳೆಯುತ್ತಾರೆ ಅಂತ ದೂರುವವರು ಬಹಳ ಜನ. ನನ್ನ ಪ್ರಕಾರ ನಲಿಕಲಿ ಜಾಸ್ತಿ ಕೆಡುವುದು ಕಾರ್ಡಿನಿಂದಲ್ಲ, ಟೀಚರನ್ನು ಪದೇ ಪದೇ ಎಬ್ಬಿಸುವುದರಿಂದ.

ಮೊದಲಿನ ಶಾಲೆಯಲ್ಲಿ ನನಗೆ ಆಗುತ್ತಿದ್ದದ್ದು ಅದೇ. ಅಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಪ್ರತಿಯೊಬ್ಬರೂ ಅವರವರ ಕೋಣೆಯಲ್ಲಿ ಅವರವರ ಪಾಡು. "ಚಿಕ್ಕ ಮಕ್ಕಳು ತಾನೇ, ಮೇಡಂ, ಹತ್ತು ನಿಮಿಷ ಬನ್ನಿ" ಅಂತ ಯಾವಾಗ ಬೇಕಾದರೂ ಕರೆಯುತ್ತಿದ್ದರು. ಏಳನೇ ತರಗತಿಯ ಪಾಠ ನಿಲ್ಲಿಸಬಾರದು, ಒಂದನೇ ತರಗತಿಯದು ನಿಂತರೆ ಪರವಾಗಿಲ್ಲ ಅನ್ನುವ ಭಾವನೆ. ಇದು ಆ ಒಂದು ಶಾಲೆಯ ಮಾತಲ್ಲ, ಬಹಳ ಕಡೆ ಹೀಗೇ.

ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಹೆಡ್ ಮೇಡಂ ಕೇಳಿದ ಪ್ರಶ್ನೆ ನನಗೆ ಆಶ್ಚರ್ಯ ತಂದಿತ್ತು. "ದಿನದಲ್ಲಿ ಯಾವ ಹೊತ್ತು ನಿಮ್ಮನ್ನ ಎಬ್ಬಿಸಿದ್ರೆ ಪಾಠ ಜಾಸ್ತಿ ಹಾಳಾಗುತ್ತೆ, ಹೇಳಿ" ಅಂದರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಬಿಡುವಿನ ಬೆಲ್ ಆಗುವವರೆಗೆ ಅಂದೆ. ಆವತ್ತೇ ಎಲ್ಲರ ಎದುರು ಹೇಳಿದರು: ಆ ಹೊತ್ತಿನಲ್ಲಿ ನಲಿಕಲಿ ಕೋಣೆಗೆ ಯಾರೂ ಹೋಗಬಾರದು, ತಮ್ಮನ್ನೂ ಸೇರಿಸಿ. ಇಲಾಖೆಯಿಂದ ಫೋನ್ ಬಂದರೂ ಅವರೇ ಉತ್ತರ ಕೊಡುತ್ತಾರೆ. ಯಾರಾದರೂ ಭೇಟಿಗೆ ಬಂದರೆ ಆಫೀಸಿನಲ್ಲಿ ಟೀ ಕೊಟ್ಟು ಕೂರಿಸುತ್ತಾರೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಬಂದಾಗಲೂ "ಸರ್, ಮಕ್ಕಳು ಈಗ ಅಕ್ಷರ ಕಲೀತಿದ್ದಾರೆ, ಒಂದರ್ಧ ಗಂಟೆ ಬಿಟ್ಟು ಹೋಗೋಣ" ಅಂದರಂತೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಕಾದರು. ಆಮೇಲೆ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತರು. ಕೇಳುವವರು ಸರಿಯಾಗಿ ಕೇಳಿದರೆ ಕಾಯುವವರು ಇರುತ್ತಾರೆ ಅಂತ ನನಗೆ ಆವತ್ತು ತಿಳಿಯಿತು.

ಈ ಒಂದು ವ್ಯವಸ್ಥೆಯಿಂದಲೇ ಮೊದಲ ಗುಂಪು ಬೇಗ ಮುಂದೆ ಹೋಗತೊಡಗಿತು. ಹೊಸ ತರಬೇತಿಯಿಲ್ಲ, ಹೊಸ ಸಾಮಗ್ರಿಯಿಲ್ಲ. ನನ್ನ ಹೊತ್ತು ನನಗೆ ಸಿಕ್ಕಿತು, ಅಷ್ಟೇ.

ಬರೆಯುವ ಕೆಲಸ ಕಡಿಮೆಯಾಗಲಿಲ್ಲ, ಹಂಚಿಹೋಯಿತು. ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ದಾಸ್ತಾನು, ಸಮವಸ್ತ್ರ, ಶೂ ಅಳತೆ, ವಿದ್ಯಾರ್ಥಿವೇತನಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಸೇರಿಸುವುದು, ಆಧಾರ್‌ನಲ್ಲಿ ಹೆಸರು ಒಂದು ಥರ, ದಾಖಲಾತಿಯಲ್ಲಿ ಇನ್ನೊಂದು ಥರ ಇದ್ದರೆ ಸರಿಪಡಿಸುವುದು. ಪ್ರೈಮರಿ ಟೀಚರ್ ಆದವರಿಗೆಲ್ಲ ಈ ಪಟ್ಟಿ ಬಾಯಿಪಾಠ. ನಮ್ಮಲ್ಲಿ ಗಣಿತದ ಮೇಷ್ಟ್ರಿಗೆ ಕಂಪ್ಯೂಟರ್ ಕೈ ಚುರುಕು. ನನ್ನ ಮಕ್ಕಳ ಸ್ಯಾಟ್ಸ್ ಕೆಲಸವನ್ನೂ ಅವರೇ ಮಾಡುತ್ತಾರೆ. ಬದಲಿಗೆ ಪ್ರತಿಭಾ ಕಾರಂಜಿ ಸ್ಪರ್ಧೆ ಬಂದಾಗ ಅವರ ತರಗತಿ ಮಕ್ಕಳ ಅಭಿನಯ ಗೀತೆ, ಕ್ಲೇ ಮಾಡೆಲಿಂಗ್ ನನ್ನ ಪಾಲು. ಸಮಾಜದ ಮೇಡಂಗೆ ಊರಿನ ಎಲ್ಲರ ಮನೆ ಗೊತ್ತು, ಪ್ರಮಾಣಪತ್ರಕ್ಕೆ ತಂದೆ-ತಾಯಿಯರನ್ನು ಹಿಡಿಯುವುದು ಅವರು. ಯಾರಿಗೆ ಯಾವುದು ಸುಲಭವೋ ಅದನ್ನು ಎಲ್ಲರ ಪರವಾಗಿ ಅವರು ಮಾಡುವುದು. ಯಾರು ಜಾಸ್ತಿ ಮಾಡಿದರು, ಯಾರು ಕಡಿಮೆ ಅಂತ ಲೆಕ್ಕ ಹಾಕಿದ್ದನ್ನು ನಾನು ನೋಡಿಲ್ಲ.

ಇನ್ನು ಹೆಡ್ ಮೇಡಂ ನನ್ನ ಕೋಣೆಗೆ ಬಂದು ಕೂರುವ ವಿಷಯ. ಮೇಲಿನವರು ತರಗತಿಗೆ ಬಂದರೆ ನಮ್ಮಲ್ಲಿ ಬಹಳ ಜನಕ್ಕೆ ಎದೆ ಡವಡವ. ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ನಾವು ಬೆವರುತ್ತಾ ಪಾಠ ಮಾಡುತ್ತೇವೆ. ನಮ್ಮ ಮೇಡಂ ಹಾಗೆ ಬರಲಿಲ್ಲ. ಮಧ್ಯಾಹ್ನ ಊಟದ ಮೇಲೆ ಬಂದು, ಸೆರಗು ಸಿಕ್ಕಿಸಿಕೊಂಡು, ತನ್ನಷ್ಟಕ್ಕೆ ಕಲಿಯುವ ಗುಂಪಿನ ಮಧ್ಯ ಕೂತರು. ಅವರಿಗೂ ಒಂದು ಕೆಲಸ ಕೊಡಬೇಕಾಯಿತು. ಮಕ್ಕಳು ಓದಿದ್ದನ್ನು ಕೇಳಿಸಿಕೊಂಡು ಪ್ರಗತಿ ನೋಟದ ಪಟ್ಟಿಯಲ್ಲಿ ಗುರುತು ಹಾಕುವ ಕೆಲಸ ಕೊಟ್ಟೆ. ವಾರಕ್ಕೊಂದೆರಡು ಸಲ ಅದೇ ಅವರ ಜಾಗವಾಯಿತು.

ಹೋಗುವಾಗ ಅವರು ಒಂದೇ ಒಂದು ವಿಷಯ ಹೇಳುತ್ತಿದ್ದರು. ಹತ್ತು ಹೇಳುತ್ತಿರಲಿಲ್ಲ. "ಆ ಮೂಲೆಯ ಹುಡುಗಿ ಕಾರ್ಡನ್ನ ಕಣ್ಣಿಗೆ ತೀರಾ ಹತ್ತಿರ ಹಿಡೀತಾಳೆ, ನೋಡಿದ್ರಾ?" ಅಂದರು ಒಂದು ದಿನ. ಅಷ್ಟು ಮಕ್ಕಳ ನಡುವೆ ಒಬ್ಬಳ ಪಕ್ಕದಲ್ಲೇ ಅರ್ಧ ಗಂಟೆ ಕೂತವರಿಗೆ ಮಾತ್ರ ಕಾಣುವ ವಿಷಯ ಅದು. ಆರೋಗ್ಯ ತಪಾಸಣೆಗೆ ಬಂದ ಡಾಕ್ಟರ್‌ಗೆ ತೋರಿಸಿದೆವು. ಕನ್ನಡಕ ಬಂತು. ಅವಳು ಈಗ ನಾಲ್ಕನೇ ತರಗತಿ, ಗ್ರಂಥಾಲಯದ ಪೆಟ್ಟಿಗೆಯ ಕಥೆ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ ಇನ್ನೂ ಇದೆಯಾ ಅಂತ ಕೇಳುತ್ತಾಳೆ. ಒಂದು ಕೋಣೆಗೆ ಎರಡು ಜೊತೆ ಕಣ್ಣು ಇದ್ದರೆ ಎಷ್ಟು ವ್ಯತ್ಯಾಸ ಅಂತ ನನಗೆ ಅವಳನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ನಮ್ಮ ಅಡುಗೆಯ ಅಕ್ಕನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬಿಸಿಯೂಟ ಅಂದರೆ ಅನ್ನ ಸಾರು ಬಡಿಸುವ ಕೆಲಸ ಅಂದುಕೊಂಡಿರುತ್ತಾರೆ ಹೊರಗಿನವರು. 2013ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ಅದರ ಜೊತೆ ರಾಗಿ ಮಾಲ್ಟ್, ಮೊಟ್ಟೆಯೂ ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ. ಅಷ್ಟು ಮೊಟ್ಟೆ ಬೇಯಿಸಿ, ಸುಲಿದು, ತಿನ್ನದವರಿಗೆ ಬಾಳೆಹಣ್ಣು ಎಣಿಸಿ ಇಡುವುದೇ ಒಂದು ದೊಡ್ಡ ಕೆಲಸ. ಅದರ ಮಧ್ಯೆ ಅಕ್ಕನಿಗೆ ಯಾವ ಮಗು ಹೇಗೆ ತಿಂದಿತು ಅನ್ನುವುದು ನೆನಪಿರುತ್ತದೆ. "ಮೇಡಂ, ಆ ಹುಡುಗ ಇವತ್ತು ಎರಡನೇ ಸಲ ಹಾಕಿಸ್ಕೊಂಡ, ಬೆಳಿಗ್ಗೆ ಮನೇಲಿ ಒಲೆ ಹಚ್ಚಿಲ್ಲ ಅನ್ಸುತ್ತೆ" ಅಂತ ಬಂದು ಹೇಳುತ್ತಾರೆ. ನನಗೆ ಇದು ಪಾಠದಷ್ಟೇ ಮುಖ್ಯವಾದ ಸುದ್ದಿ. ಮರುದಿನ ಬೆಳಿಗ್ಗೆ ಆ ಮಗುವನ್ನು ಕಷ್ಟದ ಕಾರ್ಡಿಗೆ ಕೂರಿಸುವುದಿಲ್ಲ, ಹಾಲು ಕುಡಿದ ಮೇಲೆ ಕರೆಯುತ್ತೇನೆ. ಅಕ್ಕನ ಸಂಬಳ ಎಷ್ಟು ಕಡಿಮೆ ಅಂತ ಎಲ್ಲರಿಗೂ ಗೊತ್ತಿರುವ ವಿಷಯ. ಅವರು ಮಾಡುವ ಕೆಲಸಕ್ಕೆ ಅದು ಏನೇನೂ ಸಾಲದು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಹಾಡಿಯ ಮಕ್ಕಳು ಮನೆಯಲ್ಲಿ ಆಡುವ ನುಡಿ ಬೇರೆ. ಶಾಲೆಗೆ ಸೇರಿದ ಹೊಸದರಲ್ಲಿ ಮಾತೇ ಆಡುವುದಿಲ್ಲ. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು, ಹೊರಗೆ ನೋಡುತ್ತಿರುತ್ತಾರೆ. ಕೆಲವರು ಮಧ್ಯಾಹ್ನದ ಹೊತ್ತಿಗೆ ಎದ್ದು ಮನೆಗೆ ನಡೆದೇಬಿಡುತ್ತಾರೆ. ಇಂಥ ಮಕ್ಕಳಿಗೆ ಗದರಿಕೆ ಉಪಯೋಗವಿಲ್ಲ, ಗದರಿಸಿದರೆ ನಾಳೆ ಬರುವುದೇ ಇಲ್ಲ. ಇದಕ್ಕೆ ದಾರಿ ಹುಡುಕಿದ್ದು ಐದನೇ ತರಗತಿಯ ಮೇಷ್ಟ್ರು. ಅವರ ತರಗತಿಯಲ್ಲಿ ಅದೇ ಹಾಡಿಯ ಒಬ್ಬಳು ಹುಡುಗಿ ಇದ್ದಳು, ಚೂಟಿ. ಬೆಳಿಗ್ಗೆ ಮೊದಲ ಅವಧಿಯಲ್ಲಿ ಒಂದಿಷ್ಟು ಹೊತ್ತು ಅವಳನ್ನು ನಿಮ್ಮ ಕೋಣೆಗೆ ಕಳಿಸುತ್ತೇನೆ, ಅವಳಿಗೆ ತಪ್ಪಿದ ಪಾಠವನ್ನು ಊಟದ ಬಿಡುವಿನಲ್ಲಿ ನಾನೇ ಹೇಳಿಕೊಡುತ್ತೇನೆ ಅಂದರು. ಅವಳು ಬಂದು ಆ ಪುಟ್ಟ ಮಕ್ಕಳ ಜೊತೆ ಅವರ ನುಡಿಯಲ್ಲೇ ಮಾತಾಡಿದಳು. ಅವರು ಅವಳಿಗೆ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಅದನ್ನೇ ಬೋರ್ಡಿನ ಮೇಲೆ ಚಿತ್ರ ಮಾಡಿದೆ. ಜೇನುಹುಟ್ಟು, ಗೆಣಸು, ಆನೆ, ಬಿದಿರು. ಒಂದು ವಾರದಲ್ಲಿ ಗೋಡೆ ಬಿಟ್ಟು ಗುಂಪಿಗೆ ಬಂದರು. ಆ ಚಿತ್ರಗಳೇ ಅವರ ಮೊದಲ ಪಾಠ.

ಆ ಮೇಷ್ಟ್ರು ತಮ್ಮ ಊಟದ ಬಿಡುವನ್ನು ಕೊಟ್ಟದ್ದಕ್ಕೆ ಇದು ಆಯಿತು. ನನಗೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಬೆಳಿಗ್ಗೆ ತಡವಾಗಿ ಬರುವುದರ ಬಗ್ಗೆಯೂ ನಮ್ಮಲ್ಲಿ ಒಂದು ತೀರ್ಮಾನ ಇದೆ. ರಾತ್ರಿ ಆನೆ ಬಂದ ದಿನ ಹಾಡಿಯವರು ಬೆಳಕು ಚೆನ್ನಾಗಿ ಹರಿಯುವವರೆಗೆ ಮಕ್ಕಳನ್ನು ಕಳಿಸುವುದಿಲ್ಲ. ದೊಡ್ಡವರೊಬ್ಬರು ಜೊತೆಗಿದ್ದು ಎಲ್ಲರನ್ನೂ ಗುಂಪಾಗಿ ಕರೆತರುತ್ತಾರೆ. ಹಾಗೆ ಬಂದವರನ್ನು ಹೊರಗೆ ನಿಲ್ಲಿಸುವುದಿಲ್ಲ, ಯಾಕೆ ತಡ ಅಂತ ಕೇಳುವುದೂ ಇಲ್ಲ. ಬಂದ ತಕ್ಷಣ ಹವಾಮಾನ ನಕ್ಷೆಯಲ್ಲಿ ಅವತ್ತಿನ ಗುರುತು ಹಾಕಲು ಅವರನ್ನೇ ಕರೆಯುತ್ತೇನೆ. ಇಡೀ ಶಾಲೆ ಹೀಗೆ ನಡೆದುಕೊಂಡರೆ ಮಾತ್ರ ಇದು ಸಾಧ್ಯ. ಗೇಟಿನಲ್ಲಿ ಒಬ್ಬರು ಗದರಿ, ಕೋಣೆಯಲ್ಲಿ ನಾನು ನಕ್ಕರೆ ಮಗುವಿಗೆ ನೆನಪಿರುವುದು ಗೇಟು.

ಕಾಫಿ ಕುಯ್ಲಿಗೆ ಹೋಗುವ ಮಕ್ಕಳ ವಿಷಯಕ್ಕೆ ಬರುತ್ತೇನೆ. ಪುಸ್ತಕ ಹಿಡಿದು ಪಾಠದ ಮೇಲೆ ಪಾಠ ಮಾಡುವ ತರಗತಿಯಲ್ಲಿ ಎರಡು ತಿಂಗಳು ಬಿಟ್ಟ ಮಗು ವಾಪಸ್ ಬಂದಾಗ ಕಳೆದುಹೋಗುತ್ತದೆ. ನಲಿಕಲಿಯ ದೊಡ್ಡ ಉಪಕಾರ ಇದೇ: ಮಗು ಯಾವ ಮೆಟ್ಟಿಲಿನಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತಬಹುದು. ಹಿಂದೆ ಬಿದ್ದೆ ಅಂತ ಯಾರೂ ಅನ್ನುವುದಿಲ್ಲ. ಆದರೂ ಎರಡು ತಿಂಗಳು ಕಾರ್ಡು ಮುಟ್ಟದೆ ಇದ್ದರೆ ಮರೆತುಹೋಗುತ್ತದೆ. ಆದ್ದರಿಂದ ಡಿಸೆಂಬರ್‌ಗೆ ಮುಂಚೆಯೇ ಯಾವ ಮನೆಯವರು ಯಾವ ಎಸ್ಟೇಟಿಗೆ ಹೋಗುತ್ತಾರೆ ಅಂತ ಅಡುಗೆಯ ಅಕ್ಕ ಮತ್ತು ಹಾಡಿಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ ವಿಚಾರಿಸಿ ಇಡುತ್ತಾರೆ. ನಾನು ಪ್ರತಿ ಮಗುವಿಗೂ ಒಂದು ಚೀಟಿ ಬರೆಯುತ್ತೇನೆ. ಏಣಿಯಲ್ಲಿ ಎಲ್ಲಿದೆ, ಯಾವ ಅಕ್ಷರ ಬರುತ್ತದೆ, ಯಾವುದು ಇನ್ನೂ ಇಲ್ಲ, ಯಾವ ಹಾಡು ಇಷ್ಟ. ಹೆಡ್ ಮೇಡಂ ಅದಕ್ಕೆ ಶಾಲೆಯ ಸೀಲು ಹಾಕಿ, ಎಸ್ಟೇಟಿನ ಕೂಲಿಯವರ ಲೈನ್ ಮನೆಗೆ ಹತ್ತಿರದ ಶಾಲೆಗೆ ಫೋನ್ ಮಾಡುತ್ತಾರೆ. "ನಮ್ಮ ಮಕ್ಕಳು ಬರ್ತಾರೆ, ಕೂರಿಸ್ಕೊಳ್ಳಿ, ಊಟ ಹಾಕಿ" ಅಷ್ಟೇ ಕೇಳುವುದು. ಅಲ್ಲಿಯೂ ನಲಿಕಲಿಯೇ ಇರುವುದರಿಂದ ಕಾರ್ಡು ಒಂದೇ. ಎಲ್ಲ ಮಕ್ಕಳೂ ಹೋಗುತ್ತಾರೆ ಅಂತಲ್ಲ. ಎಸ್ಟೇಟ್ ದೂರ, ರಸ್ತೆ ಇಲ್ಲ, ಚಿಕ್ಕ ತಮ್ಮನನ್ನು ನೋಡಿಕೊಳ್ಳಬೇಕು. ಹೋದವರು ಮಾತ್ರ ವಾಪಸ್ ಬರುವಾಗ ಒಂದೆರಡು ಮೆಟ್ಟಿಲು ಹತ್ತಿಯೇ ಬಂದಿರುತ್ತಾರೆ.

ಕೊರೊನಾ ಕಾಲದ್ದು ಬೇರೆಯೇ ಕಥೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆ ವರ್ಷ ಇಲಾಖೆಯ ವಿದ್ಯಾಗಮ ಕಾರ್ಯಕ್ರಮದಲ್ಲಿ ದೇವಸ್ಥಾನದ ಜಗಲಿ, ಮರದ ಕೆಳಗೆ ಸ್ವಲ್ಪ ದಿನ ಪಾಠ ಮಾಡಿದೆವು, ಅದೂ ನಿಂತಿತು. ಒಂದರಿಂದ ಐದನೇ ತರಗತಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅವತ್ತು ನನ್ನ ಕೋಣೆಗೆ ಬಂದ ಎರಡನೇ ತರಗತಿಯವರು ಶಾಲೆಯ ಕೋಣೆಯಲ್ಲಿ ಕೂತದ್ದೇ ಮೊದಲ ಸಲ. ಮೂರನೇ ತರಗತಿಯವರಿಗೆ ಒಂದನೇ ತರಗತಿಯ ಅಕ್ಷರ ಅರ್ಧ ಅಳಿಸಿಹೋಗಿತ್ತು. ಮೂರು ತರಗತಿಯವರೂ ಮೊದಲ ಗುಂಪಿನಲ್ಲೇ ಕೂರಬೇಕು! ಒಬ್ಬಳಿಂದ ಆಗುವ ಮಾತಲ್ಲ ಅದು.

ಆಗ ನಮ್ಮ ಶಾಲೆಯಲ್ಲಿ ಆದದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ನಾನು ಕೇಳುವ ಮೊದಲೇ ಗಣಿತದ ಮೇಷ್ಟ್ರು "ಮೇಡಂ, ಮೊದಲ ಅವಧಿ ನಾವೆಲ್ಲ ನಿಮ್ಮ ಮಕ್ಕಳಿಗೆ ಕೊಡೋಣ" ಅಂದರು. ದೊಡ್ಡ ತರಗತಿಗಳಿಗೆ ಆ ಹೊತ್ತು ಓದುವ, ಬರೆಯುವ ಕೆಲಸ ಕೊಟ್ಟು, ಇಬ್ಬರು ಅವರನ್ನು ನೋಡಿಕೊಳ್ಳುವುದು, ಉಳಿದವರು ಜಗಲಿಯಲ್ಲಿ ಒಂದೊಂದು ಪುಟ್ಟ ಗುಂಪು ಹಿಡಿಯುವುದು. ಯಾವತ್ತೂ ಆರು, ಏಳನೇ ತರಗತಿಗೆ ಮಾತ್ರ ಪಾಠ ಮಾಡಿದವರಿಗೆ ರ ಗ ಸ ದ ಅ ಕಲಿಸುವುದು ಹೊಸದು. ಅವರಿಗೆ ಹೇಗೆ ಅಂತ ಹೇಳಿಕೊಟ್ಟದ್ದು ನಾನು. ಸಂಜೆ ಶಾಲೆ ಬಿಟ್ಟ ಮೇಲೆ ಮರಳಿನಲ್ಲಿ ಅಕ್ಷರ ತಿದ್ದಿಸುವುದು, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡು) ತೋರಿಸುವುದು, ಹಾಡಿಗೆ ಕೈಕಾಲು ಆಡಿಸುವುದು ಎಲ್ಲ ಅವರು ಮಕ್ಕಳಂತೆ ಕೂತು ಕಲಿತರು. ನನಗಿಂತ ಹಿರಿಯರು, ನಿವೃತ್ತಿಗೆ ಹತ್ತಿರ ಇದ್ದವರೂ ಕೂತರು. 2022-23ರಲ್ಲಿ ಇಲಾಖೆ ಕಲಿಕಾ ಚೇತರಿಕೆ ಅಂತ ವರ್ಷವಿಡೀ ಕಾರ್ಯಕ್ರಮ ಮಾಡಿ, ಕಲಿಕಾ ಹಾಳೆ ಕೊಟ್ಟಾಗ ನಮ್ಮಲ್ಲಿ ಅದಕ್ಕೆ ಕೈಗಳು ಸಿದ್ಧ ಇದ್ದವು. ಆ ವರ್ಷದ ಕೊನೆಗೆ ಕತೆ ಪುಸ್ತಕ ಹಿಡಿದು ಓದಿದ ಮಕ್ಕಳಲ್ಲಿ ಯಾರು ಯಾರಿಗೆ ಕಲಿಸಿದ್ದು ಅಂತ ಬಿಡಿಸಿ ಹೇಳಲು ಸಾಧ್ಯವೇ ಇಲ್ಲ.

ಆಗ ಶುರುವಾದ ಇನ್ನೊಂದು ಅಭ್ಯಾಸ ಶನಿವಾರದ ಕೂಟ. ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ನಾವೆಲ್ಲ ಒಂದರ್ಧ ಗಂಟೆ ಕೂರುತ್ತೇವೆ. ಸುತ್ತೋಲೆ ಓದುವ ಸಭೆ ಅದಲ್ಲ, ಸುತ್ತೋಲೆಗೆ ಬೇರೆ ದಿನ ಇದೆ. ಒಬ್ಬೊಬ್ಬರೂ ಒಂದು ಮಗುವಿನ ಬಗ್ಗೆ ಮಾತಾಡಬೇಕು. "ನನಗೆ ಈ ಮಗು ಅರ್ಥ ಆಗ್ತಿಲ್ಲ" ಅಂತ ಹೇಳಲು ಅಲ್ಲಿ ಯಾರಿಗೂ ಸಂಕೋಚವಿಲ್ಲ. ನಾನು ಒಮ್ಮೆ ಒಬ್ಬ ಹುಡುಗನ ಬಗ್ಗೆ ಹೇಳಿದೆ, ಓದುತ್ತಾನೆ, ಬರೆಯಲು ಹೇಳಿದರೆ ಬಳಪ ಬಿಸಾಡುತ್ತಾನೆ. ಸಮಾಜದ ಮೇಡಂ ತಕ್ಷಣ ಅಂದರು, ಅವನ ಅಣ್ಣನೂ ಹಾಗೇ ಇದ್ದ, ಎಡಗೈ, ಮನೆಯಲ್ಲಿ ಬೈದು ಬಲಗೈಯಲ್ಲಿ ಬರೆಸುತ್ತಿದ್ದರು. ಸೋಮವಾರ ನೋಡಿದರೆ ಇವನೂ ಚೆಂಡು ಎಸೆಯುವುದು ಎಡಗೈಯಲ್ಲಿ. ಎಡಗೈಯಲ್ಲೇ ಬರಿ ಅಂದೆ, ಅವರ ಅಮ್ಮನನ್ನು ಕರೆದು ಮಾತಾಡಿದೆ. ಸಮಸ್ಯೆ ಮುಗಿಯಿತು. ಅಣ್ಣನನ್ನು ನಾನು ನೋಡಿಯೇ ಇರಲಿಲ್ಲ. ಒಂದು ಶಾಲೆಯಲ್ಲಿ ಬಹಳ ವರ್ಷ ಇದ್ದವರ ನೆನಪು ಎಷ್ಟು ಬೆಲೆಬಾಳುತ್ತದೆ ಅಂತ ವರ್ಗಾವಣೆಯ ಪಟ್ಟಿಗಳಲ್ಲಿ ಕಾಣುವುದಿಲ್ಲ.

ಎಸ್‌ಡಿಎಂಸಿ ಎಲ್ಲ ಶಾಲೆಯಲ್ಲೂ ಇದೆ. ನಮ್ಮದರ ವಿಶೇಷ ಅಂದರೆ ಅವರು ಪಾಠದ ಬಗ್ಗೆ ಕೇಳುತ್ತಾರೆ. ಹತ್ತಿರದ ಊರಿಗೆ ಕಾನ್ವೆಂಟ್ ವ್ಯಾನ್ ಬರುತ್ತದೆ, ನಮ್ಮ ಕೆಲವು ಮಕ್ಕಳನ್ನು ಅಲ್ಲಿಗೆ ಸೇರಿಸಿದ್ದೂ ಇದೆ. "ಇಲ್ಲಿ ಆಟ ಜಾಸ್ತಿ, ಹೋಮ್‌ವರ್ಕ್ ಇಲ್ಲ" ಅಂತ ಪೋಷಕರ ಸಭೆಯಲ್ಲಿ ದೂರು ಬಂತು. ನಾನು ಉತ್ತರ ಕೊಡಲು ಏಳುವಷ್ಟರಲ್ಲಿ ಅಧ್ಯಕ್ಷರು ಎದ್ದರು. ಅವರು ಹೊಲ ಮಾಡುವವರು, ಹೆಚ್ಚು ಓದಿದವರಲ್ಲ. "ಮಾತು ಬ್ಯಾಡ, ನಾಳೆ ಬೆಳಿಗ್ಗೆ ಎಲ್ರೂ ಬಂದು ಮಕ್ಕಳ ಪಕ್ಕ ಕೂತ್ಕಳಿ" ಅಂದರು. ಬಂದರು. ಕೂತರು. ಒಬ್ಬ ತಾಯಿ ತನ್ನ ಮಗಳ ಜೊತೆ ಕಾರ್ಡು ಹಿಡಿದು ಗರಗಸ ಅಂತ ತಾನೂ ಓದಿದರು, ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕರು. ಈಗ ಅವರು ಸಹಿ ಮಾಡುತ್ತಾರೆ, ಮಗಳೇ ಕಲಿಸಿದ್ದು.

ಎರಡು ವರ್ಷದ ಹಿಂದೆ ನನ್ನ ಅಮ್ಮನಿಗೆ ಪಾರ್ಶ್ವವಾಯು ಆಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಇದ್ದರು. ರಜೆ ಹಾಕಿ ಓಡಿದೆ. ನಲಿಕಲಿ ಕೋಣೆಗೆ ಬದಲಿ ಸಿಗುವುದು ಕಷ್ಟ, ಪದ್ಧತಿ ಗೊತ್ತಿಲ್ಲದವರು ಬಂದರೆ ಮಕ್ಕಳನ್ನು ಸಾಲಾಗಿ ಕೂರಿಸಿ ಕಾಪಿ ಬರೆಸುತ್ತಾರೆ. ಆಸ್ಪತ್ರೆಯಲ್ಲಿ ಕೂತಾಗ ಒಂದು ಮೂಲೆಯಲ್ಲಿ ಆ ಚಿಂತೆಯೂ ಇತ್ತು. ಸಂಜೆ ಗಣಿತದ ಮೇಷ್ಟ್ರ ಫೋನ್. ಅಮ್ಮನ ಬಗ್ಗೆ ಕೇಳಿ, ಆಮೇಲೆ "ಮೊದಲ ಗುಂಪು ಇವತ್ತು ಜ ಮುಗಿಸ್ತು" ಅಂದರು. ಕೊರೊನಾದ ನಂತರ ಕಲಿತದ್ದನ್ನು ಅವರು ಮರೆತಿರಲಿಲ್ಲ. ಎಲ್ಲರೂ ಸರದಿ ಹಾಕಿಕೊಂಡು ನನ್ನ ಕೋಣೆ ನಡೆಸಿದರು. ಅಡುಗೆಯ ಅಕ್ಕ ಒಂದು ಭಾನುವಾರ ಬಸ್ಸು ಹತ್ತಿ ಆಸ್ಪತ್ರೆಗೇ ಬಂದರು, ರಾಗಿ ಅಂಬಲಿ ಕಟ್ಟಿಕೊಂಡು. ಅಮ್ಮ ಈಗ ಕೋಲು ಹಿಡಿದು ಓಡಾಡುತ್ತಾರೆ, ನನ್ನ ಜೊತೆಯಲ್ಲೇ ಎಚ್.ಡಿ.ಕೋಟೆಯಲ್ಲಿ ಇದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಖಡಕ್ಕಾಗಿ ಹೇಳಬೇಕು. ಒಳ್ಳೆಯ ಮನಸ್ಸಿನ ಸಹೋದ್ಯೋಗಿಗಳಿದ್ದಾರೆ ಅಂತ ಖಾಲಿ ಹುದ್ದೆ ತುಂಬದೆ ಬಿಡಬಾರದು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಟೀಚರ್ ಅನ್ನುತ್ತದೆ. ಮೂರು ತರಗತಿ ಸೇರಿದ ಕೋಣೆಗೆ ನನ್ನ ಅನುಭವದಲ್ಲಿ ಅಷ್ಟೂ ಜಾಸ್ತಿಯೇ. ಜೂನ್‌ನಲ್ಲಿ ಅತಿಥಿ ಶಿಕ್ಷಕರು ಬರುವುದು ತಡವಾದರೆ ಆ ಭಾರ ನಮ್ಮ ನಮ್ಮಲ್ಲೇ ಹಂಚಿಕೊಳ್ಳುತ್ತೇವೆ. ಹಂಚಿಕೊಂಡೆವು ಅನ್ನುವುದನ್ನೇ ನೆಪ ಮಾಡಿಕೊಂಡು ಮುಂದಿನ ವರ್ಷವೂ ತಡ ಮಾಡಿದರೆ ಅದು ಸರಿಯಲ್ಲ. ಒಬ್ಬರಿಗೊಬ್ಬರು ನೆರವಾಗುವುದು ಪಾಠ ಚೆನ್ನಾಗಿ ಆಗಲಿ ಅಂತ, ಇಲಾಖೆಯ ಕೊರತೆ ಮುಚ್ಚಲಿಕ್ಕೆ ಅಲ್ಲ.

ವರ್ಗಾವಣೆಯ ಕೌನ್ಸೆಲಿಂಗ್ ಬಂದಾಗಲೆಲ್ಲ ಮಂಡ್ಯದ ನೆಂಟರು ಫೋನ್ ಮಾಡುತ್ತಾರೆ. "ಇನ್ನೂ ಆ ಕಾಡಲ್ಲೇ ಇರ್ತೀಯೇನಮ್ಮಾ?" ಅಂತ. ನಾನು ಅರ್ಜಿ ಹಾಕಿಲ್ಲ. ಊರು ಬೇಡ ಅಂತಲ್ಲ. ನನ್ನ ಕೆಲಸ ಇಷ್ಟು ಚೆನ್ನಾಗಿ ಆಗುವ ಜಾಗ ಮತ್ತೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಮುಂದಿನ ವರ್ಷ ನಮ್ಮ ಹೆಡ್ ಮೇಡಂ ನಿವೃತ್ತಿಯಾಗುತ್ತಾರೆ. ಅವರೇ ಹೋದ ತಿಂಗಳ ಶನಿವಾರದ ಕೂಟದಲ್ಲಿ ವಿಷಯ ಎತ್ತಿದರು. "ನಾನು ಹೋದ್ಮೇಲೆ ಬರೋರಿಗೆ ಇದೆಲ್ಲ ಗೊತ್ತಿರಲ್ಲ. ಬಾಯಿಮಾತಲ್ಲಿ ಇದ್ರೆ ನಿಲ್ಲಲ್ಲ, ಬರೆದಿಡೋಣ" ಅಂದರು. ಈಗ ಒಂದು ಉದ್ದದ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೇವೆ. ಬೆಳಗಿನ ಹೊತ್ತು ನಲಿಕಲಿ ಕೋಣೆಗೆ ಯಾರೂ ಹೋಗಬಾರದು ಅನ್ನುವುದು ಮೊದಲ ಪುಟದಲ್ಲಿದೆ. ಕೊಡಗಿಗೆ ಹೋಗುವ ಮಕ್ಕಳ ಚೀಟಿಯ ನಮೂನೆ ಅಂಟಿಸಿದ್ದೇವೆ. ಸ್ಯಾಟ್ಸ್ ಯಾರು, ಪ್ರಮಾಣಪತ್ರ ಯಾರು, ಯಾರು ರಜೆ ಹಾಕಿದರೆ ಯಾರು ಯಾವ ಗುಂಪು ಹಿಡಿಯಬೇಕು ಎಲ್ಲ ಇದೆ. ಅಡುಗೆಯ ಅಕ್ಕ ಹೇಳುವ ಸುದ್ದಿಗೆ ಒಂದು ಪುಟ ಬೇರೆಯೇ ಇರಲಿ ಅಂದೆ, ಎಲ್ಲರೂ ಒಪ್ಪಿದರು. ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಸಹಿ ಹಾಕಿಸಬೇಕು ಅಂತ ಅಧ್ಯಕ್ಷರ ಹಟ. ಈ ತಿಂಗಳ ಕೊನೆಗೆ ಸಭೆ ಇದೆ. ನನ್ನ ಪಾಲಿನ ನಾಲ್ಕು ಪುಟ ಇನ್ನೂ ಬಾಕಿ, ಈ ಶನಿವಾರದೊಳಗೆ ಮುಗಿಸಬೇಕು.